ಹಾಲು ಅನ್ನ ಹೇಳದ ವೈದ್ಯ

ಚುನಾವಣೆ ಬಂತೆಂದರೆ ಟಿಕೆಟ್ ಪಟ್ಟಿಯಲ್ಲಿ ನಾಲ್ಕಾರು ಡಾಕ್ಟರುಗಳ ಹೆಸರು ಇದ್ದೇ ಇರುತ್ತದೆ. ಕೈಗುಣ ಒಳ್ಳೆಯದು, ಊರಿನ ನಾಡಿ ಗೊತ್ತು ಎಂಬ ಹೊಗಳಿಕೆ ಬೇರೆ. ಅವರ ಭಾಷಣ ಕಿವಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವುದು ಒಂದೇ ಗಾದೆ: ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಅದೃಷ್ಟ ಕೂಡಿಬಂದಾಗ ಆಡುವ ಮಾತು ಎಂದು ಮೇಷ್ಟರು ಕಲಿಸಿದರು. ಸಂಬಂಧ ಕುದುರಿದ ಮನೆಯಲ್ಲಿ ಆಡಲು ಅಷ್ಟು ಅರ್ಥ ಸಾಕು. ವೈದ್ಯ, ರೋಗಿ ಇಬ್ಬರೂ ಸೇರಿ ಹೂಡಿದ ಆಟ ಎನ್ನುವುದು ಅತಿಬುದ್ಧಿ. ನಾನು ನೋಡುವುದು ಗಾದೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು. ಅದು ಊಟದ ಎಲೆಯ ಹತ್ತಿರವೇ ನಿಂತುಬಿಡುತ್ತದೆ. ರೋಗ ವಾಸಿಯಾಯಿತೇ ಎಂಬ ಸುದ್ದಿಯೇ ಇಲ್ಲ. ಅದರ ಕೊಂಕೆಲ್ಲ ಇರುವುದು ಅಲ್ಲೇ. ಶಸ್ತ್ರವೈದ್ಯನಿಗಂತೂ ಈ ಗಾದೆ ಒಗ್ಗುವುದೇ ಇಲ್ಲ. ಆಪರೇಷನ್ನಿಗೆ ಮುಂಚೆ ಅವನು ಹೇಳುವುದು, ಏನೂ ತಿನ್ನದೆ ಬನ್ನಿ ಎಂದು.

ಡಾ. ಮುಖ್ತಾರ್ ಅಹಮದ್ ಅನ್ಸಾರಿ ಅಂಥ ಶಸ್ತ್ರವೈದ್ಯ. ಘಾಜಿಪುರದ ಕಡೆಯವರು, ಮದರಾಸು, ಎಡಿನ್‌ಬರೋಗಳಲ್ಲಿ ಓದಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. 1912ರಲ್ಲಿ ಬಾಲ್ಕನ್ ಯುದ್ಧದ ಗಾಯಾಳುಗಳಿಗಾಗಿ ವೈದ್ಯರ ತಂಡ ಕಟ್ಟಿಕೊಂಡು ತುರ್ಕಿಗೆ ಹೋದರು. 1927ರ ಮದರಾಸು ಕಾಂಗ್ರೆಸ್ಸಿಗೆ ಅಧ್ಯಕ್ಷರಾದರು. ಭಾರತದ ಸಂವಿಧಾನ ಹೇಗಿರಬೇಕೆಂದು ಹೇಳಿದ ಮರುವರ್ಷದ ನೆಹರೂ ವರದಿಯನ್ನು, ತುರ್ಕಿಯ ಖಲೀಫನ ಪರವಾಗಿ ನಡೆದ ಖಿಲಾಫತ್ ಚಳವಳಿಯ ಹಳೆಯ ಸಂಗಾತಿಗಳಾದ ಅಲಿ ಸಹೋದರರು ತಳ್ಳಿಹಾಕಿದಾಗ, ಅನ್ಸಾರಿ ವರದಿಯ ಪರ, ಹಿಂದೂ ಮುಸ್ಲಿಮರು ಒಟ್ಟಿಗೆ ಮತ ಹಾಕುವ ಜಂಟಿ ಮತಕ್ಷೇತ್ರದ ಪರ ನಿಂತರು. 1930ರಲ್ಲಿ ಕಾಂಗ್ರೆಸ್ ಕಾನೂನುಭಂಗಕ್ಕೆ ತುದಿಗಾಲಲ್ಲಿತ್ತು. ಹಿಂದೂ ಮುಸ್ಲಿಮರು ಒಂದಾಗದೆ ಇದಕ್ಕೆ ಕೈಹಾಕಬೇಡಿ ಎಂದು ಅನ್ಸಾರಿ ಗಾಂಧೀಜಿಗೇ ಹೇಳಿದರು. ಉಪ್ಪಿನ ಸತ್ಯಾಗ್ರಹದ ಮಟ್ಟಿಗೆ ಅವರ ಅಂದಾಜು ತಪ್ಪಿತು, ಒಪ್ಪೋಣ. ಆದರೆ ಎರಡೂ ಕಡೆಯವರಿಗೆ ಬೇಡವಾದ ಪಥ್ಯ ಹೇಳಿ, ತಾನು ಬೇಡವೆಂದ ಚಳವಳಿಯಲ್ಲೇ ಜೈಲಿಗೂ ಹೋಗಿಬಂದ ನಾಯಕರು ಎಷ್ಟು ಜನ ಸಿಕ್ಕಾರು?

ಅವರೂ ಹಾಲು ಅನ್ನ ಬಡಿಸಲೇ ಇಲ್ಲ ಎನ್ನಲಾರೆ. ಪ್ರಾಣಿಗಳ ಗ್ರಂಥಿ ಕಸಿಮಾಡಿ ಯೌವನ ಮರಳಿಸುವ ಆ ಕಾಲದ ಹುಚ್ಚು ಅವರಿಗೂ ಹಿಡಿದಿತ್ತು; ಅದರ ಮೇಲೆ ಪುಸ್ತಕವನ್ನೇ ಬರೆದರು. ಮುಪ್ಪಿಗೆ ಹೆದರಿದ ಸಿರಿವಂತರಿಗೆ ಇನ್ನೇನು ಬೇಕು!

ಅವರು ಉಳಿಸಿದ ಜಾಮಿಯಾ ಮಿಲ್ಲಿಯಾ ವಿದ್ಯಾಸಂಸ್ಥೆಯ ಕಥೆ ಹಾಗಲ್ಲ. 1920ರಲ್ಲಿ ಅಲೀಗಢದಲ್ಲಿ ಹುಟ್ಟಿದ ಸಂಸ್ಥೆ. 1924ರಲ್ಲಿ ತುರ್ಕಿ ಖಿಲಾಫತ್ತನ್ನೇ ರದ್ದು ಮಾಡಿತು, ಚಳವಳಿ ನೆಲಕಚ್ಚಿತು, ಬರುತ್ತಿದ್ದ ಹಣವೂ ನಿಂತಿತು. ಬಾಗಿಲು ಹಾಕಿಬಿಡೋಣ ಎಂಬ ಮಾತು ಎದ್ದಾಗ ಅದರ ಕುಲಾಧಿಪತಿ ಹಕೀಂ ಅಜ್ಮಲ್ ಖಾನ್ ಮತ್ತು ಅನ್ಸಾರಿ ಅದನ್ನು ದೆಹಲಿಗೆ ತಂದು ಉಳಿಸಿದರು. ಹಕೀಮರು ತೀರಿಕೊಂಡ ಮೇಲೆ ಅನ್ಸಾರಿಯವರೇ ಕುಲಾಧಿಪತಿ, 1936ರಲ್ಲಿ ಸಾಯುವ ತನಕ. ಕೈಯಲ್ಲಿ ಕಾಸಿಲ್ಲ, ಕುಲಪತಿ ಜಾಕಿರ್ ಹುಸೇನ್ ಮತ್ತು ಸಂಗಡಿಗರು ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಕೇಳದೆ 20 ವರ್ಷ ದುಡಿಯುತ್ತೇವೆಂದು ಮಾತು ಕೊಟ್ಟರು. 1935ರಲ್ಲಿ ದೆಹಲಿಯ ಓಖ್ಲಾದ ಹೊಸ ಕಟ್ಟಡಕ್ಕೆ ಅಡಿಗಲ್ಲು ಇಟ್ಟದ್ದು ಶಾಲೆಯ ಅತಿ ಚಿಕ್ಕ ಹುಡುಗ. ನಮ್ಮಲ್ಲಿ ಡಾಕ್ಟರು ಶಾಸಕರಾದರೆ ಅವರ ಮುಂದಿನ ಕೆಲಸ ಮೆಡಿಕಲ್ ಕಾಲೇಜು. ಅಡಿಗಲ್ಲಿನ ಮೇಲೆ ಮಂತ್ರಿಗಳ ಹೆಸರಿನ ಸಾಲು, ಡೊನೇಷನ್ನಿಗೆ ರಸೀದಿ ಇಲ್ಲ.