ಮೀನುಮರಿಯ ಮೈಯಲ್ಲಿ ಯಂತ್ರ: ಅಹಿಂಸಾಣುವ್ರತದ ಒಂದು ಪ್ರಶ್ನೆ

ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಬೇರೆ ಬೇರೆ ದಾರಿ ಹಿಡಿದು ಹರಿದು, ಒಂದು ಶಿವಮೊಗ್ಗವನ್ನೂ ಇನ್ನೊಂದು ಭದ್ರಾವತಿಯನ್ನೂ ದಾಟಿ, ಕೂಡಲಿಯಲ್ಲಿ ಒಂದಾಗುತ್ತವೆ. ಶೃಂಗೇರಿಯ ಸ್ನಾನಘಟ್ಟದಲ್ಲಿ ದೊಡ್ಡ ದೊಡ್ಡ ಮೀನುಗಳು ಜನರು ಎಸೆಯುವ ಪುರಿಗೆ ನಿರ್ಭಯವಾಗಿ ಬಾಯ್ದೆರೆಯುವುದನ್ನು ಕಾಣದ ಮಲೆನಾಡಿಗರು ವಿರಳ. ಅಲ್ಲಿ ಯಾರೂ ಬಲೆ ಬೀಸುವಂತಿಲ್ಲ. ತೀರ್ಥಹಳ್ಳಿಯ ಸಮೀಪದ ಚಿಪ್ಪಲಗುಡ್ಡೆಯಲ್ಲಿಯೂ ಇಂತಹ ಮತ್ಸ್ಯಧಾಮವಿದೆ. ಆದರೆ ಅಭಯದ ಎಲ್ಲೆ ಎಲ್ಲಿಗೆ ಮುಗಿಯುತ್ತದೆಂಬುದು ಮೀನುಮರಿಗೆ ತಿಳಿಯದು. ಮಹಶೀರ್ ಜಾತಿಯ ಮೀನು ಮಳೆಗಾಲದಲ್ಲಿ ಹೊಳೆಯ ಏರುಮುಖಕ್ಕೆ ಸಾಗಿ ಜಲ್ಲಿಕಲ್ಲಿನ ನೆಲೆಯಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಬೆಳೆದಂತೆ ಕೆಳಗಿಳಿಯುತ್ತವೆ. ಆ ದಾರಿಯಲ್ಲಿ ತುಂಗೆಗೆ ಗಾಜನೂರಿನ ಅಣೆಕಟ್ಟೆ ಅಡ್ಡಲಾಗಿದೆ. ಭದ್ರೆಗೆ 1965ರಲ್ಲಿ ಪೂರ್ಣಗೊಂಡ ಲಕ್ಕವಳ್ಳಿಯ ಅಣೆಕಟ್ಟು ಅಡ್ಡಲಾಗಿದೆ. ಎಷ್ಟು ಮರಿಗಳು ತೂಬಿನಿಂದ ಪಾರಾಗುತ್ತವೆ, ಎಷ್ಟು ವಿದ್ಯುತ್ ಯಂತ್ರದ ಅಲಗಿಗೆ ಸಿಲುಕುತ್ತವೆ, ಎಷ್ಟು ಕಾಲುವೆಗೆ ನುಗ್ಗುತ್ತವೆ ಎಂಬುದು ದಡದಲ್ಲಿ ನಿಂತವನ ಕಣ್ಣಿಗೆ ಕಾಣುವಂಥದಲ್ಲ.

ಇದನ್ನು ಅರಿಯಲು ಅಮೆರಿಕೆಯ ಕೊಲಂಬಿಯಾ ನದಿಯಲ್ಲಿ ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. 1938ರ ಬಾನ್ವಿಲ್ ಅಣೆಕಟ್ಟು ಮೊದಲಾಗಿ ಸಾಲುಸಾಲು ಅಣೆಕಟ್ಟುಗಳು ಅಲ್ಲಿವೆ. ಸಾಲ್ಮನ್ ಮೀನಿನ ಮರಿಗಳು ಅವನ್ನು ದಾಟಿ ಸಮುದ್ರವನ್ನು ಸೇರಬೇಕು. ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಒಂದು ಗ್ರಾಮಿನ ಐದನೆಯ ಒಂದು ಪಾಲಿನಷ್ಟು ತೂಗುವ ಧ್ವನಿಯಂತ್ರವನ್ನು, ಎಂದರೆ ಟ್ಯಾಗನ್ನು, ಮರಿಯ ಹೊಟ್ಟೆಯೊಳಗೆ ಸೇರಿಸಿ ನೀರಿಗೆ ಬಿಡುತ್ತಾರೆ. ಮೀನಿನ ಕಿವಿಗೂ ಮನುಷ್ಯನ ಕಿವಿಗೂ ಕೇಳದ ಅದರ ನಾದವನ್ನು ನೀರೊಳಗೆ ಇರಿಸಿದ ಗ್ರಾಹಕಗಳು ಹಿಡಿಯುತ್ತವೆ. ಯಾವ ಮರಿ ಯಾವ ಬಾಗಿಲಿನಿಂದ ದಾಟಿತು, ದಾಟಿದ ಮೇಲೆ ಬದುಕಿತೇ ಎಂಬುದು ಹೀಗೆ ತಿಳಿಯುತ್ತದೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಅವನ್ನು ಬಲ್ಲ ಶ್ರಾವಕನು ಈ ವಿಧಾನವನ್ನು ಓದಿದರೆ ಬೆಚ್ಚುವನು. ಮರಿಯನ್ನು ಹಿಡಿದು ತೊಟ್ಟಿಯಲ್ಲಿಡುವುದು ಬಂಧ. ಶಸ್ತ್ರಕ್ರಿಯೆಗೆ ಮುನ್ನ ಸುಮಾರು ಒಂದು ದಿನ ಆಹಾರ ಕೊಡದಿರುವುದು ಅನ್ನಪಾನನಿರೋಧ. ಔಷಧ ಬೆರೆಸಿದ ನೀರಿನಲ್ಲಿ ಮೈಮರೆಸಿ ಹೊಟ್ಟೆಯನ್ನು ಸೀಳುವುದು ಛೇದ. ಯಂತ್ರವನ್ನು ಹೊರಿಸುವುದು ಭಾರಾರೋಪಣ. ಆ ಭಾರವು ಮೀನಿನ ತೂಕದ ನೂರರಲ್ಲಿ ಎರಡು ಪಾಲನ್ನು ಮೀರಬಾರದೆಂಬ ರೂಢಿ ಆ ವಿಜ್ಞಾನಿಗಳಲ್ಲಿಯೇ ಬಹುಕಾಲದಿಂದ ಇದೆ. ಎತ್ತಿನ ಗಾಡಿಗೆ ಹೇಳಿದ ಮಾತನ್ನು ಅವರು ಮೀನಿಗೂ ಅನ್ವಯಿಸಿಕೊಂಡಂತಾಯಿತು. ಐದರಲ್ಲಿ ನಾಲ್ಕು ಇಲ್ಲಿವೆ; ದೊಣ್ಣೆಯಿಂದ ಬಡಿಯುವುದೊಂದು ಮಾತ್ರ ಇಲ್ಲ. ಮೀನು ಪಂಚೇಂದ್ರಿಯ ಜೀವಿಯೆಂಬುದನ್ನು ಇಲ್ಲಿ ನೆನಪಿಸಬೇಕಾಗಿಲ್ಲ.

ವೈದ್ಯನೂ ಮೈಯನ್ನು ಕೊಯ್ಯುತ್ತಾನಲ್ಲವೇ ಎಂಬ ಸಮಾಧಾನ ಸಾಲದು. ವೈದ್ಯನು ಕೊಯ್ಯುವುದು ರೋಗಿಯ ಹಿತಕ್ಕಾಗಿ. ಇಲ್ಲಿ ಗಾಯ ಒಂದು ಮರಿಯದು, ಹಿತ ಮುಂದೆ ಹುಟ್ಟಲಿರುವ ಮರಿಗಳದು. ಬಲೆ ಬೀಸಿಯೂ ಒಂದು ಮೀನೂ ಸಿಗದ ಬೆಸ್ತನಿಗೂ, ಉಳುವಾಗ ಅರಿಯದೆ ಅನೇಕ ಜೀವಗಳಿಗೆ ನೋವುಂಟುಮಾಡುವ ರೈತನಿಗೂ ಭಾವದಿಂದಲೇ ಭೇದವೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಸಂಶೋಧಕನು ಇವರಿಬ್ಬರಂತೆಯೂ ಅಲ್ಲ. ಕೊಲ್ಲುವ ಭಾವ ಅವನಲ್ಲಿಲ್ಲ. ಆದರೆ ನೋವಾಗುವುದೆಂದು ಬಲ್ಲನು. ಸತ್ತ ಮರಿಯು ಪ್ರವಾಹದಲ್ಲಿ ತೇಲಿಹೋಗಿ ಬದುಕಿರುವುದೆಂಬ ಭ್ರಮೆ ಹುಟ್ಟಿಸಬಾರದೆಂದು, ಸತ್ತ ಮೀನುಗಳಲ್ಲಿಯೂ ಟ್ಯಾಗನ್ನಿಟ್ಟು ಬಿಟ್ಟು ನೋಡುವುದುಂಟು. ತಾನಾಗಿ ಸತ್ತ ಮೀನನ್ನು ಬಳಸಿದರೆ ಒಂದು ಮಾತು. ಅದಕ್ಕೆಂದೇ ಕೊಂದರೆ ಅದು ಶುದ್ಧ ಸಂಕಲ್ಪೀ ಹಿಂಸೆ, ಅಲ್ಲಿ ವಾದಕ್ಕೆ ಎಡೆಯಿಲ್ಲ.

ಹಾಗಾದರೆ ಏನನ್ನೂ ಅರಿಯದೆ ಇರುವುದೇ ಅಹಿಂಸೆಯೇ? ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಇಟ್ಟಿದ್ದಾರೆ. ಭದ್ರಾ ಕಾಲುವೆಯ ನೀರಿನಿಂದ ಬೆಳೆದ ಭತ್ತವನ್ನು ಉಣ್ಣುವವನು, ಅದೇ ಅಣೆಕಟ್ಟಿನ ವಿದ್ಯುತ್ತಿನಿಂದ ದೀಪ ಹಚ್ಚುವವನು, ಮರಿಗಳ ಗತಿ ತನಗೆ ತಿಳಿಯದೆಂದು ಕುಳಿತರೆ ಆ ಅಜ್ಞಾನವೂ ಪ್ರಮಾದವೇ. ಕೊಲಂಬಿಯಾದಲ್ಲಿ ಅರಿವು ಬಾಗಿಲನ್ನು ಬದಲಿಸಿತು. 2001ರಲ್ಲಿ ಅದರ ಉಪನದಿ ಸ್ನೇಕ್‌ನ ಲೋಯರ್ ಗ್ರಾನೈಟ್ ಅಣೆಕಟ್ಟಿನಲ್ಲಿ ಮರಿಗಳು ಮೇಲ್ಮಟ್ಟದಿಂದಲೇ ದಾಟುವಂತೆ ಹೊಸ ಕೋಡಿಯನ್ನು ಅಳವಡಿಸಿದರು. 2008ರಲ್ಲಿ, ವಸಂತದಲ್ಲಿ ಇಳಿಯುವ ಮರಿಗಳಲ್ಲಿ ಪ್ರತಿ ಅಣೆಕಟ್ಟಿನಲ್ಲಿಯೂ ನೂರಕ್ಕೆ 96 ಬದುಕಬೇಕೆಂದು ಗುರಿಯಿಟ್ಟರು. ಅದು ಸಾಧಿಸಿತೇ ಎಂದು ಪರೀಕ್ಷಿಸಿದ್ದು ಈ ಟ್ಯಾಗುಗಳಿಂದಲೇ. ಉಳಿದ ನಾಲ್ಕು ಜೀವಗಳನ್ನು ಆ ಲೆಕ್ಕ ಬಿಟ್ಟುಕೊಡುತ್ತದೆ. ಜೈನನಿಗೆ ಪ್ರತಿಯೊಂದು ಜೀವವೂ ಪ್ರತ್ಯೇಕ. ತೊಂಬತ್ತಾರರ ಸುಖವನ್ನು ನಾಲ್ಕರ ನೋವಿಗೆ ಜಮಾ ಮಾಡುವ ಖಾತೆ ಅವನಲ್ಲಿಲ್ಲ. ಆದರೂ ಏನನ್ನೂ ಎಣಿಸದವನಿಗಿಂತ ಎಣಿಸಿದವನು ಪ್ರಮಾದದಿಂದ ಒಂದು ಹೆಜ್ಜೆ ದೂರವಿದ್ದಾನೆಂದು ಒಪ್ಪಬೇಕು.

ಬಸದಿಗಳ ಜೀವದಯಾ ನಿಧಿಯಿಂದ ಇಂತಹ ಅಧ್ಯಯನಕ್ಕೆ ಹಣ ಕೊಡಬಹುದೇ ಎಂಬ ಪ್ರಶ್ನೆ ಬಂದರೆ ಟ್ರಸ್ಟುಗಳು ಮೊದಲು ಕೇಳಬೇಕಾದುದು ಒಂದೇ: ಫಲಿತಾಂಶ ಬಂದ ಮೇಲೆ ತೂಬಿನ ಬಾಗಿಲನ್ನು ಬದಲಿಸುವ ಅಧಿಕಾರವುಳ್ಳವರು ಬದಲಿಸುವೆವೆಂದು ಮುಂಚಿತವಾಗಿ ಲಿಖಿತವಾಗಿ ಒಪ್ಪಿದ್ದಾರೆಯೇ? ಒಪ್ಪದಿದ್ದಲ್ಲಿ ಆ ಗಾಯ ಕೇವಲ ಕುತೂಹಲದ ಗಾಯ. ಜೀವದಯೆಯ ಹಣ ಅದಕ್ಕೆ ಸಲ್ಲದು. ಒಪ್ಪಿದ್ದರೂ ನೋವನ್ನು ಪುಣ್ಯವೆಂದು ಬರೆದುಕೊಳ್ಳದೆ, ದೋಷವೆಂದೇ ತಿಳಿದು ಆಲೋಚನೆ ಪ್ರತಿಕ್ರಮಣಗಳನ್ನು ಮಾಡಿಕೊಳ್ಳುವುದು ಉಚಿತ.

ಅದಕ್ಕೂ ಮುನ್ನ, ಯಾವ ಯಂತ್ರವೂ ಬೇಡದ ಕೆಲಸವೊಂದು ಹತ್ತಿರದಲ್ಲಿಯೇ ಇದೆ. ಭದ್ರಾ ಕಾಲುವೆಗಳಲ್ಲಿ ನೀರು ನಿಲ್ಲಿಸುವ ದಿನ ಮೊದಲೇ ಪ್ರಕಟವಾಗುತ್ತದೆ. ಕಾಲುವೆಗೆ ಬಂದು ಸೇರಿದ ಮರಿಗಳು ನೀರಿಳಿದಂತೆ ತಗ್ಗುಗಳಲ್ಲಿ ಸಿಲುಕಿ, ಬಿಸಿಲಿಗೆ ನೀರು ಬತ್ತುವವರೆಗೆ ಒದ್ದಾಡುವುವು. ಮೀನುಗಾರಿಕೆ ಮತ್ತು ನೀರಾವರಿ ಇಲಾಖೆಗಳ ಒಪ್ಪಿಗೆ ಪಡೆದು, ನೀರು ತುಂಬಿದ ಕೊಡಗಳೊಡನೆ ಎಂಟು ಹತ್ತು ಮಂದಿ ಯುವಕರು ಆ ದಿನ ಬೆಳಗಿನ ತಂಪಿನಲ್ಲಿ ಹೊರಟರೆ, ಒಂದೊಂದು ತಗ್ಗಿನ ಮರಿಗಳನ್ನಾದರೂ ಹೊಳೆಗೆ ಮರಳಿ ಬಿಡಬಹುದು.