ಹತ್ತಕ್ಕೆ ಎಷ್ಟು ಅಂಕ?

ಸಾಲ ಕೊಟ್ಟವನು ಸಾಲಗಾರನ ಜಗಲಿಗೆ ಬಂದು ‘ನನ್ನ ಬಗ್ಗೆ ನಿಮಗೇನನ್ನಿಸುತ್ತದೆ?’ ಎಂದು ವಿಚಾರಿಸುವುದು ನಮ್ಮ ಕಡೆ ಕಂಡು ಕೇಳಿದ ಸಂಗತಿಯಲ್ಲ. ಸೊಸೈಟಿಯವರಾಗಲಿ, ಬಂಗಾರದ ಮೇಲೆ ದುಡ್ಡು ಕೊಡುವ ಪೇಟೆಯವರಾಗಲಿ ಕೇಳುವುದು ಕಂತಿನ ವಿಷಯ ಮಾತ್ರ. ಆದರೆ ದೇಶಗಳಿಗೇ ಸಾಲ ಕೊಡುವ ದೊಡ್ಡ ಸಾಹುಕಾರರು ಈ ಪ್ರಶ್ನೆಯನ್ನು ಕೇಳುತ್ತಾರೆ. ವಿಶ್ವಬ್ಯಾಂಕ್ ಕೆಲವು ವರ್ಷಗಳಿಗೊಮ್ಮೆ ಒಂದೊಂದು ದೇಶದಲ್ಲಿ ಅಭಿಪ್ರಾಯ ಸಮೀಕ್ಷೆ ನಡೆಸುತ್ತದೆ. ಮನಿಲಾದಲ್ಲಿರುವ ಏಷ್ಯನ್ ಅಭಿವೃದ್ಧಿ ಬ್ಯಾಂಕ್, ಅಂದರೆ ಎಡಿಬಿ, 2006ರಲ್ಲಿ ಮತ್ತು 2009ರಲ್ಲಿ ಹಲವು ದೇಶಗಳ ‘ಅಭಿಪ್ರಾಯ ರೂಪಿಸುವವರನ್ನು’ ಹುಡುಕಿ ಮಾತಾಡಿಸಿತು. ಅಧಿಕಾರಿಗಳು, ಉದ್ಯಮಿಗಳು, ಪತ್ರಕರ್ತರು, ಪ್ರಾಧ್ಯಾಪಕರು, ಸಂಘಸಂಸ್ಥೆಯವರು ಇಂಥ ಪಟ್ಟಿಗಳಲ್ಲಿ ಇರುವವರು. ವಿಶ್ವಬ್ಯಾಂಕಿನ ಪ್ರಶ್ನೆಪತ್ರಿಕೆಯಲ್ಲಿ ಒಂದರಿಂದ ಹತ್ತರವರೆಗಿನ ಅಳತೆಗೋಲು ಇರುತ್ತದೆ. ನಮ್ಮ ಕೆಲಸ ಎಷ್ಟು ಪರಿಣಾಮಕಾರಿ, ನಮ್ಮ ಮೇಲೆ ನಿಮಗೆಷ್ಟು ನಂಬಿಕೆ? ಹತ್ತಕ್ಕೆ ಎಷ್ಟು?

ಕೇಳುವುದೇ ತಪ್ಪೆಂದು ನಾನು ವಾದಿಸುವುದಿಲ್ಲ. ಕೇಳದವರಿಗಿಂತ ಕೇಳುವವರು ಮೇಲು. ನನ್ನ ತಕರಾರು ಬೇರೆ: ಉತ್ತರ ಹೇಳುವವನು ಏನನ್ನು ಕೊಡುತ್ತಿದ್ದಾನೆ, ಕೇಳುವವನು ಅದನ್ನು ಏನೆಂದು ಬರೆದುಕೊಳ್ಳುತ್ತಿದ್ದಾನೆ ಎಂಬುದು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡಲಂಚಿಗೆ ಎಡಿಬಿ ಅಪರಿಚಿತ ಹೆಸರಲ್ಲ. 1999ರಲ್ಲಿ ಮಂಜೂರಾದ 17.5 ಕೋಟಿ ಡಾಲರ್ ಸಾಲದಿಂದ ಕರಾವಳಿ ಮತ್ತು ಮಲೆನಾಡಿನ ಹತ್ತು ಊರುಗಳಲ್ಲಿ ನೀರು, ಚರಂಡಿ, ರಸ್ತೆ, ಕಸವಿಲೇವಾರಿಯ ಯೋಜನೆ ಶುರುವಾಯಿತು. ಜನ ಅದನ್ನು ಕುಡ್ಸೆಂಪ್ ಎಂದೇ ಕರೆದರು. ಮಂಗಳೂರು, ಉಡುಪಿ, ಭಟ್ಕಳ, ಕಾರವಾರಗಳ ಸಾಲಿನಲ್ಲಿ ಕುಂದಾಪುರವೂ ಇತ್ತು. ಆಮೇಲೆ 2010ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರದ ಕಡಲ್ಕೊರೆತ ತಡೆಯಲು 25 ಕೋಟಿ ಡಾಲರಿನ ಕಾರ್ಯಕ್ರಮ ಬಂತು. 2017ರಲ್ಲಿ ಅದರ ಎರಡನೇ ಕಂತಾಗಿ 6.55 ಕೋಟಿ ಡಾಲರ್ ಕರ್ನಾಟಕಕ್ಕೆ ಬಂತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ ಇರುವ ಮರವಂತೆಯಲ್ಲಿ ಗ್ರೋಯ್ನುಗಳು, ಅಂದರೆ ದಡದಿಂದ ನೀರಿನೊಳಕ್ಕೆ ಚಾಚಿದ ಕಲ್ಲಿನ ದಂಡೆಗಳು, ಬಂದದ್ದು ಇದೇ ಕಾರ್ಯಕ್ರಮದ ಕೆಳಗೆ. (ಕಾರ್ಯಕ್ರಮ ಶುರುವಾದಾಗ ಮರವಂತೆ ಕುಂದಾಪುರ ತಾಲೂಕಿನಲ್ಲಿತ್ತು. 2018ರಲ್ಲಿ ಬೈಂದೂರು ತಾಲೂಕಾದ ಮೇಲೆ ಕಾಗದದಲ್ಲಿ ಊರು ಬದಲಾಯಿತು, ಕಡಲು ಇದ್ದಲ್ಲೇ ಇತ್ತು.)

ಈ ದುಡ್ಡಿಗೆ ಸಾಲಗಾರ ಯಾರು? ಸಹಿ ಹಾಕಿದ್ದು ಭಾರತ ಸರ್ಕಾರ, ಖರ್ಚು ಮಾಡಿದ್ದು ರಾಜ್ಯದ ಇಲಾಖೆ, ತೀರಿಸುವುದು ತೆರಿಗೆ ಕಟ್ಟುವ ನಾವೆಲ್ಲ. ಕಲ್ಲು ಬಿದ್ದದ್ದು ಮಾತ್ರ ಮರವಂತೆಯವರ ದೋಣಿ ಎಳೆಯುವ ದಡದಲ್ಲಿ. ಬ್ಯಾಂಕಿನ ದೃಷ್ಟಿಯಲ್ಲಿ ‘ಪಾಲುದಾರ’ ಎಂದರೆ ಮೊದಲು ಕಣ್ಣಿಗೆ ಬೀಳುವುದು ಸಹಿ ಹಾಕಿದವರು ಮತ್ತು ಖರ್ಚು ಮಾಡಿದವರು. ಆದ್ದರಿಂದ ಇಂಥ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಮೇಲೆ ಬರುವ ದೂರು ಒಂದೇ: ಬ್ಯಾಂಕಿನ ಕಾರ್ಯವಿಧಾನ ನಿಧಾನ, ಕಾಗದಪತ್ರ ಹೆಚ್ಚು, ಕಡತ ಮುಂದೆ ಹೋಗುವುದಿಲ್ಲ. ಕಡತ ಹಿಡಿದವರಿಗೆ ಅದು ನಿಜವಾದ ಕಷ್ಟವೇ. ಆದರೆ ಇದರಿಂದ ಬ್ಯಾಂಕು ಕಲಿಯುವ ಪಾಠ ಯಾವುದು? ಬೇಗ ಮಾಡಬೇಕು. ಕಡಲಿಗೆ ಕಲ್ಲು ಹಾಕುವ ಕೆಲಸದಲ್ಲಿ ಬೇಕಾದದ್ದು ಇದರ ಉಲ್ಟಾ ಇರಬಹುದು. ಒಂದು ದಂಡೆ ಕಟ್ಟಿ, ಕೆಲವು ಮಳೆಗಾಲ ನೋಡಿ, ಹೊಯ್ಗೆ (ಮರಳು) ಎಲ್ಲಿ ನಿಂತಿತು ಎಲ್ಲಿ ಹೋಯಿತು ಎಂದು ಕಂಡುಕೊಂಡು ಮುಂದಿನದನ್ನು ಕಟ್ಟುವುದು. ‘ನಿಧಾನ ಮಾಡಿ’ ಎಂದು ಹೇಳಬಲ್ಲವರು ಪಟ್ಟಿಯಲ್ಲಿಲ್ಲದಿದ್ದರೆ ‘ನಿಧಾನವಾಯಿತು’ ಎಂಬ ದೂರೇ ಇಡೀ ನಾಡಿನ ದೂರಾಗಿ ಕಾಣುತ್ತದೆ.

ಸರಿ, ಪಟ್ಟಿಯನ್ನು ದೊಡ್ಡದು ಮಾಡೋಣ. ಮರವಂತೆಯ ನಾಡದೋಣಿಯ ತಂಡೇಲನೊಬ್ಬನನ್ನು, ಅಂದರೆ ದೋಣಿ ನಡೆಸುವ ಮುಖಂಡನನ್ನು, ಸೇರಿಸಿಕೊಳ್ಳೋಣ. ಆಗ ನ್ಯಾಯ ಸಿಕ್ಕಿತೇ? ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಇಲ್ಲಿಂದಲೇ ಪ್ರಶ್ನೆ ಶುರು.

ತಂಡೇಲ ಹೇಳುವುದು ಹೀಗಿರುತ್ತದೆ ಎಂದಿಟ್ಟುಕೊಳ್ಳಿ: ‘ಈ ಕಲ್ಲು ಬಿದ್ದ ಮೇಲೆ ಆಚೆ ಬದಿಯಲ್ಲಿ ಹೊಯ್ಗೆ ನಿಲ್ಲುವುದಿಲ್ಲ ಮಾರಾಯ್ರೆ. ಆಷಾಢದಲ್ಲಿ ದೋಣಿ ಇಳಿಸುವುದಕ್ಕೆ ಜಾಗ ಇಲ್ಲ.’ ಇದು ಅಭಿಪ್ರಾಯವಲ್ಲ. ಹೊಯ್ಗೆ ಅಲ್ಲಿ ನಿಲ್ಲುತ್ತದೆ ಅಥವಾ ನಿಲ್ಲುವುದಿಲ್ಲ, ಕಲ್ಲು ಅದಕ್ಕೆ ಕಾರಣ ಅಥವಾ ಕಾರಣವಲ್ಲ. ಅವನು ಲೋಕದ ಬಗ್ಗೆ ಒಂದು ಮಾತು ಹೇಳಿದ್ದಾನೆ, ಅದು ನಿಜವಾಗಬಹುದು, ಸುಳ್ಳಾಗಬಹುದು. ಸಮೀಕ್ಷೆ ಅದನ್ನು ‘ಯೋಜನೆಯ ಪರಿಣಾಮ: ಹತ್ತಕ್ಕೆ ನಾಲ್ಕು’ ಎಂದು ಬರೆದುಕೊಂಡ ಕ್ಷಣಕ್ಕೆ ಆ ಮಾತು ಅವನ ಮನಸ್ಸಿನ ಬಗೆಗಿನ ಮಾಹಿತಿಯಾಗಿಬಿಡುತ್ತದೆ. ಈಗ ಅದನ್ನು ಪರೀಕ್ಷಿಸಬೇಕಿಲ್ಲ. ಇನ್ನೊಬ್ಬ ಎಂಟು ಕೊಟ್ಟರೆ ಸರಾಸರಿ ಆರು, ಮುಂದಿನ ಸಲ ಆರೂವರೆಯಾದರೆ ಪ್ರಗತಿ. ಆಚೆ ಬದಿಯ ಹೊಯ್ಗೆಯ ವಿಷಯ ಯಾರ ಮೇಜಿಗೂ ಹೋಗಲಿಲ್ಲ.

ನಮ್ಮ ತರ್ಕಶಾಸ್ತ್ರ ಈ ಭೇದವನ್ನು ಬಹಳ ಹಿಂದೆಯೇ ಗುರುತಿಸಿತ್ತು. ಆಪ್ತನ ಮಾತು ಶಬ್ದಪ್ರಮಾಣ ಎನ್ನುತ್ತದೆ ನ್ಯಾಯಸೂತ್ರ. ಯಾರು ಈ ಆಪ್ತ ಎಂದರೆ ಭಾಷ್ಯಕಾರ ವಾತ್ಸ್ಯಾಯನ ಕೊಡುವ ವಿವರಣೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ವಸ್ತುವನ್ನು ಸಾಕ್ಷಾತ್ತಾಗಿ ಬಲ್ಲವನು, ಬಲ್ಲದ್ದನ್ನು ಬಲ್ಲ ಹಾಗೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಅವನು ಸೇರಿಸುತ್ತಾನೆ. ಜಾತಿ ಕೇಳುವ ಕಾಲದಲ್ಲಿ ಬರೆದ ಮಾತಿದು! ದಡದ ವಿಷಯದಲ್ಲಿ ಮೊಗವೀರ ತಂಡೇಲ ಈ ಅರ್ಥದಲ್ಲಿ ಆಪ್ತ. ಆಪ್ತನ ಮಾತಿಗೆ ಸರಾಸರಿ ಹಾಕುವುದಿಲ್ಲ. ಒಪ್ಪಬೇಕು, ಇಲ್ಲವೇ ಏಕೆ ಒಪ್ಪುವುದಿಲ್ಲ ಎಂದು ಹೇಳಬೇಕು. ಸಮೀಕ್ಷೆಯ ಸೌಜನ್ಯದಲ್ಲಿ ತಪ್ಪಿಹೋಗುವುದು ಈ ಎರಡನೆಯ ಹೊಣೆ.

ಎಲ್ಲ ಕಡೆಗೂ ಇದು ಅನ್ವಯಿಸುವುದಿಲ್ಲ. ಕುಂದಾಪುರ ಪೇಟೆಯ ನಲ್ಲಿ ನೀರಿನ ಮಾತು ಬಂದರೆ ಅಂಕ ಕೇಳುವುದರಲ್ಲಿ ಅರ್ಥವಿದೆ. ನೀರು ಹೊತ್ತಿಗೆ ಬರುತ್ತದೆಯೇ, ಬಿಲ್ಲು ಹೊರೆಯಾಗುತ್ತದೆಯೇ ಎಂಬಲ್ಲಿ ಬಳಸುವವರ ಸಮಾಧಾನವೇ ಮುಕ್ಕಾಲು ಪಾಲು ಸತ್ಯ. ನೂರು ಮನೆಯವರು ಸಾಲದು ಎಂದರೆ ಸಾಲದು. ಸೇವೆಗೆ ಸರಿಯಾದ ಈ ಅಳತೆಗೋಲನ್ನು ಸಮುದ್ರಕ್ಕೂ ಹಿಡಿಯುವಾಗ ತೊಂದರೆ. ಮರವಂತೆಯ ದಡ ಮಾಘ ಮಾಸದಲ್ಲಿ ಅಗಲವಾಗಿರುತ್ತದೆ, ಮಳೆಗಾಲದ ಅಬ್ಬರದಲ್ಲಿ ಕರಗಿ ಹೋಗುತ್ತದೆ, ದೀಪಾವಳಿ ಕಳೆದ ಮೇಲೆ ಅಲೆ ಮೆತ್ತಗಾಗಿ ಹೊಯ್ಗೆಯನ್ನು ಮರಳಿ ತಂದು ಹಾಕುತ್ತದೆ. ಫೆಬ್ರವರಿಯಲ್ಲಿ ಬಂದು ಕೇಳಿದವರಿಗೆ ಒಂದು ಉತ್ತರ, ಜುಲೈಯಲ್ಲಿ ಕೇಳಿದವರಿಗೆ ಇನ್ನೊಂದು. ಕನ್ಸಲ್ಟೆಂಟುಗಳು ಜುಲೈಯಲ್ಲಿ ಬರುವುದು ಕಷ್ಟ, ಅವರನ್ನು ದೂರಲಾರೆ. ಆದರೆ ಯಾಂತ್ರಿಕ ದೋಣಿಗಳಿಗೆ ಜೂನ್ ಜುಲೈಯಲ್ಲಿ ನಿಷೇಧವಿದ್ದು ನಾಡದೋಣಿಯವರು ಕಡಲಿಗಿಳಿಯುವುದು ಆ ತಿಂಗಳುಗಳಲ್ಲೇ. ದಡ ಬೇಕಾಗುವುದೂ ಆಗಲೇ.

ಪಾಲುದಾರರ ಪಟ್ಟಿಯ ಗಡಿಯೂ ಹೀಗೆಯೇ ಕೈಕೊಡುತ್ತದೆ. ದಡದುದ್ದಕ್ಕೂ ಸಾಗುವ ಹೊಯ್ಗೆಯನ್ನು ಗ್ರೋಯ್ನು ಒಂದು ಬದಿಯಲ್ಲಿ ತಡೆದು ನಿಲ್ಲಿಸುತ್ತದೆ. ಅದರ ಕೆಲಸವೇ ಅದು. ತಡೆದಷ್ಟು ಹೊಯ್ಗೆ ಮುಂದಿನ ದಡಕ್ಕೆ ಹೋಗುವುದಿಲ್ಲ. ಹಾಗಾಗಿ ಒಂದು ಊರು ಹತ್ತಕ್ಕೆ ಒಂಬತ್ತು ಕೊಟ್ಟ ಕೆಲಸಕ್ಕೆ ಬೆಲೆ ತೆರುವವರು ಪಕ್ಕದ ಊರಿನಲ್ಲಿರಬಹುದು. ಅವರನ್ನು ಕೇಳಿರುವುದೇ ಇಲ್ಲ, ಏಕೆಂದರೆ ಅವರು ಯೋಜನಾ ಪ್ರದೇಶದ ಹೊರಗಿನವರು. ಮರವಂತೆಯಿಂದ ಗಂಗೊಳ್ಳಿಯ ಅಳಿವೆಯವರೆಗೆ, ಅಲ್ಲಿಂದ ಕುಂದಾಪುರದ ಕೋಡಿ, ಬ್ರಹ್ಮಾವರದ ಕೋಡಿ ಕನ್ಯಾನ, ಕೋಡಿಬೆಂಗ್ರೆಯವರೆಗೆ ಹೊಯ್ಗೆಗೆ ತಾಲೂಕಿನ ಲೆಕ್ಕವಿಲ್ಲ. ಇಲ್ಲಿ ‘ಜನರ ಒಲವು’ ಎಂಬುದನ್ನು ಕೂಡಿಸುವುದಾದರೂ ಹೇಗೆ?

ಊರಿನವರ ಮಾತೇ ವೇದವೆಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬಾರದು. ಕಡಲ್ಕೊರೆತ ಬಂದಾಗಲೆಲ್ಲ ಊರು ಒಕ್ಕೊರಲಿನಿಂದ ಕೇಳುವುದು ಕರಿಕಲ್ಲಿನ ತಡೆಗೋಡೆಯನ್ನು. ವರ್ಷ ವರ್ಷ ಟಿಪ್ಪರುಗಳಲ್ಲಿ ಕಲ್ಲು ಬರುತ್ತದೆ, ಅಲೆಯ ಹೊಡೆತಕ್ಕೆ ಕಲ್ಲಿನ ಬುಡದ ಹೊಯ್ಗೆ ಹೋಗುತ್ತದೆ, ಕಲ್ಲು ಕುಸಿಯುತ್ತದೆ, ಮತ್ತೆ ಕಲ್ಲು. ‘ನೀವು ಕೇಳುತ್ತಿರುವುದು ನಿಮ್ಮ ದಡವನ್ನೇ ತಿನ್ನಬಹುದು’ ಎಂದು ಎಂಜಿನಿಯರು ಎದುರಾಡಿದರೆ ಅದು ಅಗೌರವವಲ್ಲ. ಅಂಕ ಬರೆದುಕೊಂಡು ‘ಧನ್ಯವಾದ’ ಹೇಳಿ ಹೋಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಗೌರವ. ನಮ್ಮ ತಾಳಮದ್ದಲೆಯಲ್ಲಿ ಒಬ್ಬ ಅರ್ಥಧಾರಿ ಎತ್ತಿದ ಮಾತಿಗೆ ಎದುರಿನವನು ಉತ್ತರ ಕೊಡದೆ ಪ್ರಸಂಗ ಮುಂದೆ ಹೋಗುವುದಿಲ್ಲ. ಕೌರವನ ಮಾತಿಗೆ ಕೃಷ್ಣ ಅಂಕ ಕೊಟ್ಟು ಕೂತರೆ ಸಭಿಕರು ಎದ್ದು ಹೋಗುತ್ತಾರೆ.

ಎಣಿಕೆಯಿಂದ ಸತ್ಯ ತೀರ್ಮಾನವಾಗುವುದಿಲ್ಲ ಎಂಬುದಕ್ಕೆ ಇದೇ ಮಣ್ಣಿನ ಉದಾಹರಣೆ ಕೋಟದ ಶಿವರಾಮ ಕಾರಂತರದು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಆ ಸೋಲಿನಿಂದ ಕೈಗಾದ ಬಗ್ಗೆ ಅವರು ಎತ್ತಿದ ಪ್ರಶ್ನೆಗಳು ಸರಿಯೂ ಆಗಲಿಲ್ಲ, ತಪ್ಪೂ ಆಗಲಿಲ್ಲ. ಉತ್ತರ ಬೇಕಾಗಿಯೇ ಉಳಿದವು.

ಇನ್ನೊಂದು ಸಂಗತಿಯನ್ನು ಸಮೀಕ್ಷೆಯ ತಜ್ಞರು ಅಷ್ಟಾಗಿ ಹೇಳುವುದಿಲ್ಲ. ಇಲಾಖೆಯ ಜೀಪು, ಪಂಚಾಯತ್ ಅಧ್ಯಕ್ಷರು, ಹೊರಗಿನ ಇಬ್ಬರು ಒಟ್ಟಿಗೆ ಬಂದರೆ ನಮ್ಮ ಜನ ಮೌಲ್ಯಮಾಪನ ಮಾಡುವುದಿಲ್ಲ, ಮನವಿ ಕೊಡುತ್ತಾರೆ. ಬಲೆ ಹೆಣೆಯುವ ಶೆಡ್ಡು ಬೇಕು, ದಡಕ್ಕೆ ರಸ್ತೆ ಬೇಕು, ದೀಪ ಬೇಕು. ಮೊದಲು ಆದ ಕೆಲಸವನ್ನು ಹಳಿದರೆ ಮುಂದಿನ ಹಂತ ನಿಂತುಹೋದೀತೆಂಬ ಅಂಜಿಕೆಯೂ ಒಳಗಿರುತ್ತದೆ. ಬೇಡ ಎನ್ನುವ ಅಧಿಕಾರವಿಲ್ಲದವನು ‘ಚೆನ್ನಾಗಿದೆ’ ಎಂದರೆ ಅದರ ತೂಕವೆಷ್ಟು? ಒಣಮೀನು ಹರಡಲು ದಡವನ್ನು ನೆಚ್ಚಿದ ಹೆಂಗಸರು ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ಬುಟ್ಟಿ ಮುಂದಿಟ್ಟು ಕೂತಿರುತ್ತಾರೆ. ಸಭೆಯ ನಡಾವಳಿಯಲ್ಲಿ ಅವರ ಪರವಾಗಿ ದೋಣಿ ಮಾಲಕರ ಸಂಘದ ಸಹಿ ಇರುತ್ತದೆ.

ಹೊರಗಿನ ಸಾಲದ ವಿಷಯದಲ್ಲಿ ಇಷ್ಟು ಕಟುವಾಗಿರುವಾಗ ಒಳಗಿನದನ್ನೂ ಹೇಳಬೇಕು. ವಾರಾಹಿ ನೀರಾವರಿ ಯೋಜನೆ 1979ರಲ್ಲಿ 9.43 ಕೋಟಿ ರೂಪಾಯಿ ಅಂದಾಜಿನಲ್ಲಿ ಹೊರಟು, ದಶಕಗಳನ್ನೂ ನೂರಾರು ಕೋಟಿಯನ್ನೂ ನುಂಗಿತು. ಅದರ ಬಗ್ಗೆ ರೈತರಲ್ಲಿ ಹತ್ತಕ್ಕೆ ಎಷ್ಟು ಎಂದು ಯಾರಾದರೂ ಕೇಳಿದ ಸುದ್ದಿ ನನ್ನ ಕಿವಿಗೆ ಬಿದ್ದಿಲ್ಲ. ಮನಿಲಾದವರು ಪರಿಸರ ವರದಿಯನ್ನೂ ಸಭೆಯ ನಡಾವಳಿಯನ್ನೂ ಜಗತ್ತಿಗೆ ಕಾಣುವಂತಾದರೂ ಇಡುತ್ತಾರೆ. ನಮ್ಮ ಇಲಾಖೆಗಳಿಂದ ಅಷ್ಟನ್ನು ಪಡೆಯಲು ಮಾಹಿತಿ ಹಕ್ಕಿನ ಅರ್ಜಿ ಬೇಕಾಗುತ್ತದೆ.

ಮತ್ತು ಈ ಬ್ಯಾಂಕುಗಳು ಸಾಕ್ಷ್ಯಕ್ಕೆ ಮಣಿದದ್ದೂ ಉಂಟು. ನರ್ಮದೆಯ ಸರ್ದಾರ್ ಸರೋವರ ಅಣೆಕಟ್ಟಿನ ಬಗ್ಗೆ ಬ್ರಾಡ್‌ಫೋರ್ಡ್ ಮೋರ್ಸ್ ನೇತೃತ್ವದ ಸ್ವತಂತ್ರ ಸಮಿತಿ 1992ರಲ್ಲಿ ವರದಿ ಕೊಟ್ಟಿತು. ಮರುವರ್ಷ ಭಾರತ ವಿಶ್ವಬ್ಯಾಂಕಿನ ಉಳಿದ ಸಾಲವನ್ನೇ ಬಿಟ್ಟುಕೊಟ್ಟಿತು, ಅದೇ 1993ರಲ್ಲಿ ವಿಶ್ವಬ್ಯಾಂಕ್ ತನ್ನ ತಪಾಸಣಾ ಮಂಡಳಿಯನ್ನು ಸ್ಥಾಪಿಸಿತು. ಇದು ಯಾವ ಅಂಕಪಟ್ಟಿಯಿಂದಲೂ ಆದದ್ದಲ್ಲ. ಮುಳುಗಡೆಯ ಹಳ್ಳಿಗಳ ಜನ ‘ಹೀಗೆ ಆಗುತ್ತಿದೆ, ಬಂದು ನೋಡಿ’ ಎಂದು ಪಟ್ಟುಹಿಡಿದದ್ದರಿಂದ, ಬಂದವರು ನಿಜಕ್ಕೂ ನೋಡಿದ್ದರಿಂದ ಆದದ್ದು. ಎಡಿಬಿಯಲ್ಲೂ 2003ರಿಂದ ದೂರು ಕೇಳುವ ಉತ್ತರದಾಯಿತ್ವ ವ್ಯವಸ್ಥೆ ಇದೆ. ಯೋಜನೆಯಿಂದ ತೊಂದರೆಗೊಳಗಾದ ಇಬ್ಬರು ಸೇರಿ ಬರೆದರೂ ಸಾಕು. ಅಲ್ಲಿ ಅಂಕ ಕೇಳುವುದಿಲ್ಲ, ಏನಾಯಿತು ಎಂದು ಕೇಳುತ್ತಾರೆ. ಆದರೆ 2012ರ ನೀತಿಯಲ್ಲಿ ಒಂದು ಗಡುವಿದೆ: ಸಾಲದ ಲೆಕ್ಕ ಮುಗಿದು ಎರಡು ವರ್ಷ ಕಳೆದರೆ ದೂರು ಸ್ವೀಕಾರವಿಲ್ಲ.

ದಡದ ಏರುಪೇರು ಯಾವುದು ಒಂದು ಮಳೆಗಾಲದ್ದು, ಯಾವುದು ಕಲ್ಲಿನಿಂದಾದದ್ದು ಎಂದು ಬೇರ್ಪಡಿಸಲು ಎರಡು ವರ್ಷ ಸಾಲುವುದಿಲ್ಲ. ಗಡುವಿನೊಳಗೆ ಹೇಳಬೇಕಾದರೆ ಕಲ್ಲು ಬೀಳುವ ಮುಂಚಿನಿಂದಲೇ ಬರಹ ಬೇಕು. ಅದಕ್ಕೆ ಬ್ಯಾಂಕಿನ ಅಪ್ಪಣೆಯೇನೂ ಬೇಡ. ಕಡಲಂಚಿನ ಒಂದೊಂದು ಗ್ರಾಮಸಭೆ ಕರ್ಕಾಟಕ ಅಮಾವಾಸ್ಯೆಯ ಹೊತ್ತಿಗೊಮ್ಮೆ, ಶಿವರಾತ್ರಿಯ ಹೊತ್ತಿಗೊಮ್ಮೆ, ಗೊತ್ತಾದ ತೆಂಗಿನ ಮರದಿಂದ ನೀರಿನಂಚಿಗೆ ಎಷ್ಟು ಮಾರು ಎಂದು ಅಳೆದು, ಅಳೆದವರ ಹೆಸರಿನೊಂದಿಗೆ ನಡಾವಳಿ ಪುಸ್ತಕದಲ್ಲಿ ಬರೆಸಬಹುದು. ಪಕ್ಕದ ಊರಿನವರು ಅದನ್ನು ತಪ್ಪೆಂದರೆ ಆ ಮಾತನ್ನೂ ಕೆಳಗೆ ಬರೆಸಬೇಕು. ಮುಂದಿನ ಸಮೀಕ್ಷೆಯವರು ಬಂದು ಹತ್ತಕ್ಕೆ ಎಷ್ಟು ಎಂದಾಗ ಆ ಪುಸ್ತಕವನ್ನು ಅವರ ಮುಂದಿಟ್ಟು, ಉತ್ತರವನ್ನು ಯಾವ ತಾರೀಕಿನೊಳಗೆ ಕೊಡುತ್ತೀರಿ ಎಂದು ಕೇಳಬಹುದು.