ಉಂಗುಷ್ಟ ತಿದ್ದಿದ್ದು

ಒಂದು ಭಾನುವಾರ ಚಿತ್ರಕಲೆಯ ಶಿಬಿರಕ್ಕೆ ಹೋಗಿದ್ದೆ. ಬಂದವರೆಲ್ಲ ನನ್ನಂತೆಯೇ ಐವತ್ತರ ಆಸುಪಾಸಿನವರು, ಶಾಲೆ ಬಿಟ್ಟ ಮೇಲೆ ಬ್ರಶ್ ಮುಟ್ಟದವರು. 'ನಿಮ್ಮೊಳಗಿನ ನಿಮ್ಮನ್ನು ಬರೆಯಿರಿ' ಎಂದರು ಕಲಿಸುವವರು. ಅರ್ಧ ಗಂಟೆಯಲ್ಲಿ ಮರಗಳು, ದೋಣಿಗಳು, ಗುಡ್ಡದ ಸಂದಿಯ ಸೂರ್ಯ. ನನ್ನದೂ ಮರವೇ. ಪಕ್ಕದವರ ಮರದ ಜೊತೆ ಅದಲುಬದಲಾಗಿದ್ದರೆ ನನಗೇ ಗೊತ್ತಾಗುತ್ತಿರಲಿಲ್ಲ.

ಊಟವಾದ ಮೇಲೆ ಬಾಗಿಲ ಬಳಿ ಬಿಟ್ಟ ಚಪ್ಪಲಿಗಳನ್ನು ನೋಡಿ ಬರೆಯಲು ಹೇಳಿದರು. ನಾನು ಒಂದೇ ಒಂದು ಚಪ್ಪಲಿಯ ಉಂಗುಷ್ಟವನ್ನು ನಾಲ್ಕು ಸಲ ಅಳಿಸಿ, ಕಾಗದ ಜುಂಗೇಳುವವರೆಗೆ ತಿದ್ದಿದೆ. ಉಳಿದ ಹಾಳೆ ಖಾಲಿ. ಪಕ್ಕದವರು ಅಷ್ಟರಲ್ಲಿ ಹತ್ತು ಹನ್ನೆರಡು ಜೊತೆ ಮುಗಿಸಿದ್ದರು. ಒಂದರ ಪಟ್ಟಿಯೂ ಅಟ್ಟೆಗೆ ಸೇರಿರಲಿಲ್ಲ. ನನ್ನ ಹಾಳೆ ನೋಡಿ, 'ಆಫೀಸಲ್ಲೂ ನೀವು ಹೀಗೇನಾ?' ಎಂದರು. ಹೌದು, ಹೀಗೇ.

ಕಲೆಯೆಂದರೆ ಆತ್ಮಾಭಿವ್ಯಕ್ತಿ ಎಂಬ ಮಾತು ಬಳಸಿ ಬಳಸಿ ಸವೆದಿದೆ. ಅದರ ಅಡಿಯಲ್ಲಿರುವ ಊಹೆಯನ್ನು ಯಾರೂ ತಟ್ಟಿ ನೋಡುವುದಿಲ್ಲ. 'ನಾನು' ಮೊದಲೇ ತಯಾರಾಗಿ ಒಳಗೆ ಕೂತಿದ್ದೇನೆ, ಬಣ್ಣ ಹಚ್ಚಿ ಹೊರಗೆ ಕರೆದರೆ ಸಾಕು ಎಂಬ ಊಹೆ. ಒಳಗೆ ತಡಕಾಡಿದರೆ ಸಿಗುವುದು ಹೆಚ್ಚಾಗಿ ಎರವಲು ಸರಕೇ ಎಂದು ನನ್ನ ಅನುಮಾನ: ಕ್ಯಾಲೆಂಡರಿನ ಮರ, ಗ್ರೀಟಿಂಗ್ ಕಾರ್ಡಿನ ಸೂರ್ಯ. ಬೇರೆ ಯಾವುದರ ಮೇಲೋ ಪೂರ್ತಿ ಗಮನವಿದ್ದಾಗ, ನಮಗೆ ತಿಳಿಯದ ಹಾಗೆ, 'ನಾನು' ಕೈಯಿಂದ ಜಾರಿ ಹಾಳೆಗೆ ಬೀಳುತ್ತದೆ.

ಹಾಗಾದರೆ ರೆಂಬ್ರಾಂಟ್‌ನನ್ನು ಏನು ಮಾಡುತ್ತೀರಿ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ತನ್ನದೇ ಮುಖವನ್ನು ಸುಮಾರು 40 ಸಲ ಬಣ್ಣದಲ್ಲಿ ಬರೆದವನು ಅವನು, ಎಚಿಂಗ್‌ಗಳು ಬೇರೆ. ಆದರೆ 1630ರ ಪುಟ್ಟ ಎಚಿಂಗ್‌ಗಳನ್ನು ನೋಡಿ: ಕಣ್ಣು ಅಗಲಿಸಿದ್ದಾನೆ, ಹುಬ್ಬು ಗಂಟಿಕ್ಕಿದ್ದಾನೆ, ಬಾಯಿ ತೆರೆದು ಅರಚುತ್ತಿದ್ದಾನೆ. ಮುಂದೆ ಬೇರೆಯವರ ಮುಖದಲ್ಲಿ ತರಬೇಕಾದ ಭಾವಗಳನ್ನು, ಪುಕ್ಕಟೆ ಸಿಗುವ ಮುಖದ ಮೇಲೆ ಅಭ್ಯಾಸ ಮಾಡುತ್ತಿದ್ದ ಹುಡುಗ. ಆತ್ಮಶೋಧನೆ ಎಂಬ ದೊಡ್ಡ ಹೆಸರು ನಾವು ಆಮೇಲೆ ಅಂಟಿಸಿದ್ದು.

1656ರಲ್ಲಿ ಅವನು ದಿವಾಳಿಯಾದ. ಅದಾಗಿ ಹತ್ತು ವರ್ಷದ ಆಸುಪಾಸಿನಲ್ಲಿ ಬರೆದ ತನ್ನದೇ ಚಿತ್ರವೊಂದು ಲಂಡನ್ನಿನ ಕೆನ್‌ವುಡ್ ಹೌಸ್‌ನಲ್ಲಿದೆ. ಹಿಂದಿನ ಗೋಡೆಯ ಮೇಲೆ ಎರಡು ವೃತ್ತಗಳಿವೆ. ಅದರ ಎಕ್ಸ್-ರೇ ಇನ್ನೊಂದು ಕತೆ ಹೇಳುತ್ತದೆ. ಮೊದಲು ಅವನು ಕನ್ನಡಿಯಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಬರೆದಿದ್ದ. ಬಲಗೈಯ ಕೆಲಸವೆಲ್ಲ ಎಡಗೈಗೆ ಬಂದಿತ್ತು. ಆಮೇಲೆ ಕೈಗಳನ್ನು ಅದಲುಬದಲು ಮಾಡಿದ. ಹೊಸದಾಗಿ ಬರೆದ ಕೈಯನ್ನು ಮುಗಿಸಲೂ ಇಲ್ಲ. ಅಲ್ಲಿರುವುದು ಒಂದಷ್ಟು ಒರಟು ಬಣ್ಣದ ಗೀಚು. ಅವನನ್ನು ನಾನು ಗುರುತಿಸುವುದು ಅಷ್ಟು ಕಾಳಜಿಯಿಂದ ಬರೆದ ಮುಖಕ್ಕಿಂತ ಆ ಗೀಚಿನಲ್ಲಿ.

ಗುರುತು ಎಂದರೆ ಕೈಯ ಚಾಳಿ ಮಾತ್ರವೇ, ಊರು, ಭಾಷೆ, ಜಾತಿ ಇಲ್ಲವೇ ಎಂದು ಇನ್ನೊಬ್ಬರು ಕೇಳಿಯಾರು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಪಾಶ್ಚಾತ್ಯ ಶೈಲಿ ಕಲಿತು, ಇದು ತನ್ನದಲ್ಲ ಎಂದು ಚಡಪಡಿಸಿದವರು. ಯಕ್ಷಗಾನ, ಭೂತಕೋಲಗಳ ಸೀಮೆಯಿಂದ ಬಂದವರಿಗೆ ತಮ್ಮತನ ಊರಿನಲ್ಲೇ ಮಡಿಸಿಟ್ಟ ಪಂಚೆಯಂತೆ ಕಾದಿರಬೇಕಿತ್ತಲ್ಲ. ಹಾಗಾಗಲಿಲ್ಲ. ಅಮೃತಾ ಶೇರ್‌ಗಿಲ್‌ರ ಚಿತ್ರಗಳ ಪ್ರಭಾವಕ್ಕೆ ಒಳಗಾದರು, ಪ್ಯಾರಿಸ್ಸಿನಲ್ಲಿ ಓದಿ ಬಂದರು, ಲಯ ಹಿಡಿಯಲೆಂದು ಉತ್ತರದ ಕಥಕ್ ನೃತ್ಯವನ್ನು ಕಲಿತರು. ಕೈಯೆತ್ತದೆ ಎಳೆದಂತೆ ಓಡುವ ಅವರ ಗೆರೆಯನ್ನು ನೋಡಿ ನಾವು 'ಇದು ಹೆಬ್ಬಾರರದು' ಎನ್ನುತ್ತೇವಲ್ಲ, ಅದರಲ್ಲಿ ಹೆಜ್ಜೆಯ ಪಾಲೂ ಇದೆ. ಊರು ಸುಳ್ಳೆಂದು ನಾನು ಹೇಳುತ್ತಿಲ್ಲ. ಊರೂ ಹಾಳೆಗೆ ಬರಬೇಕಾದರೆ ಇಷ್ಟು ಸುತ್ತಬೇಕಾಗುತ್ತದೆ.

ಇಷ್ಟಾದರೂ ನನಗೆ ಬಿಡಿಸಲಾಗದ ಒಂದು ತೊಡಕಿದೆ. ಹೀಗೆ ಹಾಳೆಗೆ ಬಿದ್ದದ್ದನ್ನು ಬೀಳಿಸಿದವರೇ ಕಾಣಬಲ್ಲರೇ? ನನ್ನ ಉಂಗುಷ್ಟವನ್ನು ಓದಿದ್ದು ಪಕ್ಕದವರು. ನಮ್ಮಮ್ಮ ಬೆಳಿಗ್ಗೆ ಹಾಲು ತರಲು ಹೋದವಳು ಬೀದಿಯ ರಂಗೋಲಿಗಳನ್ನು ನೋಡಿಕೊಂಡೇ ಬರುತ್ತಿದ್ದಳು. 'ಇವತ್ತು ಪದ್ಮಕ್ಕ ಎದ್ದಿಲ್ಲ, ಸೊಸೆ ಹಾಕಿದ್ದಾಳೆ, ಎಳೆ ಎಳೆಯುವಾಗ ಅವಸರ ಅವಳಿಗೆ' ಎನ್ನುತ್ತಿದ್ದಳು. ನಿನ್ನದು ಹೇಗಿರುತ್ತದೆ ಎಂದು ಕೇಳಿದರೆ ಅಚ್ಚರಿಯಿಂದ ನೋಡಿದಳು.

'ನಂದೇನಿದೆ ಅದರಲ್ಲಿ? ಪುಸ್ತಕದಲ್ಲಿ ಇದ್ದ ಹಾಗೆ ಹಾಕ್ತೀನಪ್ಪ.'